ಮನೆಯಲ್ಲಿ ಕಾಗದ ಬರೆಯಲು ಯಾವ ಸಾಫ್ಟ್‌ವೇರ್? ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ನನ್ನ ಅಕ್ಕನಿಗೆ 78 ವರ್ಷ. ಕೊಪ್ಪದ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಫೋನಿನಲ್ಲಿ ಮಾತಾಡಿದರೆ ಅರ್ಧ ಕೇಳುವುದಿಲ್ಲ. ಮಳೆಗಾಲ ಬಂತೆಂದರೆ ಸಿಗ್ನಲ್ಲೇ ಇರುವುದಿಲ್ಲ. ಹಾಗಾಗಿ ತಿಂಗಳಿಗೊಂದು ಕಾಗದ ಅವಳಿಗೆ ಹೋಗಲೇಬೇಕು. ಕೈಯಲ್ಲಿ ಬರೆದದ್ದನ್ನು ಈಗ ಓದಲಾರಳು, ಕಣ್ಣು ಮಂಜಾಗಿದೆ. 20 ಪಾಯಿಂಟಿನ ದೊಡ್ಡ ಅಕ್ಷರದಲ್ಲಿ, ಸಾಲು ಬಿಡಿಸಿ ಪ್ರಿಂಟ್ ತೆಗೆದು ಕಳಿಸಿದರೆ ಜಗಲಿಯ ಬೆಳಕಿಗೆ ಹಿಡಿದು ತಾನೇ ಓದಿಕೊಳ್ಳುತ್ತಾಳೆ. ಇನ್ನೊಬ್ಬರ ಹತ್ತಿರ ಓದಿಸಿಕೊಳ್ಳುವ ಹಂಗಿಲ್ಲ. ಅದು ಅವಳಿಗೆ ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತು.

ನಾನು ಗಾಂಧಿನಗರದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ 31 ವರ್ಷ ಟೈಪಿಸ್ಟ್ ಆಗಿದ್ದವಳು. ಈಗ ವಿಜಯನಗರದ ಮನೆಯಲ್ಲಿದ್ದೇನೆ. ನಮ್ಮ ರಸ್ತೆಯವರು ಕಂಪ್ಯೂಟರ್ ಕೊಂಡಾಗಲೆಲ್ಲ ನನ್ನನ್ನು ಒಂದು ಮಾತು ಕೇಳುತ್ತಾರೆ: "ಕಾಗದ ಬರೆಯೋಕೆ ಯಾವ ಸಾಫ್ಟ್‌ವೇರ್ ಹಾಕಿಸಲಿ? ಎಷ್ಟು ಖರ್ಚಾಗುತ್ತೆ?" ನಾನು ಹೇಳುವುದು ಇಷ್ಟೇ. ಮನೆಯ ಕಾಗದ ಪತ್ರಕ್ಕೆ ಸಾಫ್ಟ್‌ವೇರ್ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಕಿಲ್ಲ. ಆದರೆ ಪುಕ್ಕಟೆ ಸಿಕ್ಕಿತು ಅಂತ ಮೊದಲು ಕಂಡದ್ದನ್ನು ಹಾಕಿಕೊಳ್ಳಬೇಡಿ. ಅದರಲ್ಲಿ ಕನ್ನಡ ಹೇಗೆ ಬರುತ್ತದೆ ಅಂತ ನೋಡಿ. ಪರದೆ ಮೇಲೆ ನೋಡಿದರೆ ಸಾಲದು, ಹಾಳೆಯ ಮೇಲೆ ನೋಡಿ.

ಮೊದಲು ನಿಮ್ಮ ಕಾಗದಗಳು ಯಾವ ಥರದವು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನನ್ನವು ಮೂರು ಥರ. ಒಂದು ಅಕ್ಕನಿಗೆ ಬರೆಯುವುದು: "ಚಿರಂಜೀವಿಯಿಂದ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ" ಅಂತ ಶುರುವಾಗಿ ಎರಡು ಮೂರು ಹಾಳೆ ಓಡುವುದು. ಎರಡನೆಯದು ಅರ್ಜಿಗಳು: ಬೆಸ್ಕಾಂಗೆ, ಜಲಮಂಡಳಿಗೆ, ಬ್ಯಾಂಕಿಗೆ, ಪಾಲಿಕೆಗೆ. ಇಂದ, ಗೆ, ಮಾನ್ಯರೇ, ವಿಷಯ, ಉಲ್ಲೇಖ ಎಲ್ಲ ಅದರದರ ಜಾಗದಲ್ಲಿ ಕೂರಬೇಕು. ಮೂರನೆಯದು ನಮ್ಮ ರಸ್ತೆಯ ಸಂಘದ ಪತ್ರ. ಒಂದೇ ಒಕ್ಕಣೆ, ನಲವತ್ತು ಮನೆ, ಹೆಸರು ಮಾತ್ರ ಬೇರೆ ಬೇರೆ. ನಿಮಗೆ ಮೊದಲನೆಯದು ಮಾತ್ರ ಇದ್ದರೆ ಏನನ್ನು ಹಾಕಿಕೊಂಡರೂ ನಡೆಯುತ್ತದೆ. ಮೂರೂ ಇದ್ದರೆ ಸ್ವಲ್ಪ ಆರಿಸಬೇಕು.

ಆರಿಸುವ ಮುಂಚೆ ಒಂದು ಮಾತು ಹೇಳಲೇಬೇಕು. ಇದನ್ನು ನಾನು ಕಷ್ಟಪಟ್ಟು ಕಲಿತೆ.

ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದಾಗ ಅಮ್ಮ ಇದ್ದರು. 2004ರಿಂದ ಐದಾರು ವರ್ಷ ಅವರಿಗೆ ಬರೆದ ಕಾಗದಗಳೆಲ್ಲ ಅದರಲ್ಲೇ ಟೈಪ್ ಮಾಡಿದ್ದು. ಒಟ್ಟು 63. ಅಮ್ಮ ಹೋದ ಮೇಲೆ ಆ ಫೈಲುಗಳನ್ನು ಒಂದು ಸಿಡಿಗೆ ಹಾಕಿ ಬೀರುವಿನಲ್ಲಿಟ್ಟಿದ್ದೆ. 2016ರಲ್ಲಿ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದರೆ ಒಂದಕ್ಷರ ಕನ್ನಡ ಇಲ್ಲ. ತಲೆಯ ಮೇಲೆ ಕೊಂಬು, ಚುಕ್ಕಿ ಇರುವ ಯಾವುದೋ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು. ಎದೆ ಧಸಕ್ಕೆಂದಿತು.

ಆಗಿದ್ದು ಇಷ್ಟು. ಹಳೆಯ ಕನ್ನಡ ಫಾಂಟುಗಳಲ್ಲಿ (ಫಾಂಟ್ ಅಂದರೆ ಅಕ್ಷರದ ಶೈಲಿ) ನಾವು ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕಕ್ಕೆ ಇಂಗ್ಲಿಷ್ ಅಕ್ಷರವೇ. ಅದರ ಮೇಲೆ ಕನ್ನಡದ ಚಿತ್ರವನ್ನು ಅಂಟಿಸಿರುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣುತ್ತದೆ, ಬೇರೆಡೆ ಮುಖವಾಡ ಕಳಚಿ ಬೀಳುತ್ತದೆ. ಯುನಿಕೋಡ್ ಹಾಗಲ್ಲ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಆದ ಸಂಖ್ಯೆ ಇದೆ. 1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ನಮ್ಮ ಮನೆ, ಆಫೀಸುಗಳಿಗೆ ಅದು ಬಂದು ಮುಟ್ಟಲು ತುಂಬಾ ವರ್ಷ ಹಿಡಿಯಿತು. ಯುನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಯಾವ ಫೋನಿನಲ್ಲಿ, ಯಾವ ಊರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ.

ಅಮ್ಮನ ಕಾಗದಗಳು ಸಿಕ್ಕವು. ಹಳೆಯ ಫಾಂಟನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಅದರಲ್ಲಿ ಹಾಕಿ ತೆಗೆದೆ. ಆದರೆ ಅರ್ಕಾವತ್ತು ಹಲವು ಕಡೆ ತಪ್ಪಾದ ಅಕ್ಷರಕ್ಕೆ ಹೋಗಿ ಕೂತಿತ್ತು. ದೀರ್ಘಗಳು ಅಲ್ಲಲ್ಲಿ ಬಿಟ್ಟುಹೋಗಿದ್ದವು. 63 ಕಾಗದಗಳನ್ನೂ ಒಂದೊಂದೇ ಸಾಲು ಓದಿ ತಿದ್ದಲು ಹನ್ನೊಂದು ದಿನ ಹಿಡಿಯಿತು. ನಿಮ್ಮ ಹತ್ತಿರ ಅಂಥ ಹಳೆಯ ಫೈಲುಗಳಿದ್ದರೆ ಈ ವಾರವೇ ಆ ಕೆಲಸ ಮುಗಿಸಿಬಿಡಿ.

ನೀವು ಟೈಪ್ ಮಾಡುತ್ತಿರುವುದು ಯುನಿಕೋಡೋ ಅಲ್ಲವೋ ತಿಳಿಯಲು ಸುಲಭದ ದಾರಿ ಇದೆ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಮನೆಯವರಿಗೇ ಕಳಿಸಿ. ಅವರ ಫೋನಿನಲ್ಲಿ ಕನ್ನಡವಾಗಿಯೇ ಬಂದರೆ ನಿಶ್ಚಿಂತೆ. ಕೊಂಬಿನ ಅಕ್ಷರಗಳು ಬಂದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಟೈಪ್ ಮಾಡುವ ಬಗೆ. ಕಾಗದ ಬರೆಯುವ ಸಾಫ್ಟ್‌ವೇರ್ ಬೇರೆ, ಕನ್ನಡ ಟೈಪ್ ಮಾಡುವ ಕೀಲಿಮಣೆ ಬೇರೆ. ಇದನ್ನು ತುಂಬಾ ಜನ ಒಂದೇ ಅಂದುಕೊಂಡಿರುತ್ತಾರೆ. "ನುಡಿ ಹಾಕಿದರೆ ಕಾಗದ ಬರೆಯಬಹುದಲ್ವಾ?" ಅಂತ ಕೇಳುತ್ತಾರೆ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ತಂದ ಬರಹ, ಇವೆರಡೂ ನಮ್ಮಂಥ ಸಾವಿರಾರು ಜನರ ಕೈಗೆ ಕನ್ನಡ ಕೊಟ್ಟವು. ಎರಡರಲ್ಲೂ ಯುನಿಕೋಡ್ ಇದೆ, ಅದನ್ನೇ ಆರಿಸಿಕೊಳ್ಳಿ. ಆದರೆ ಇಂದಿನ ವಿಂಡೋಸಿನಲ್ಲಿ ಏನನ್ನೂ ಹೊರಗಿಂದ ತಂದು ಹಾಕದೆಯೂ ಕನ್ನಡ ಟೈಪ್ ಮಾಡಬಹುದು. ಸೆಟ್ಟಿಂಗ್ಸ್‌ಗೆ ಹೋಗಿ, ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿ. ಅದರ ಆಯ್ಕೆಗಳಲ್ಲಿ 'ಕನ್ನಡ ಫೊನೆಟಿಕ್' ಕೀಬೋರ್ಡ್ ಸೇರಿಸಿ. ಆಮೇಲೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಅಭ್ಯಾಸ ಇರುವವರಿಗೆ ಇದೇ ಸಲೀಸು. ಬರೀ 'ಕನ್ನಡ' ಅಂತ ಇರುವ ಕೀಬೋರ್ಡು ಇನ್‌ಸ್ಕ್ರಿಪ್ಟ್. ಅದರ ವಿನ್ಯಾಸವೇ ಬೇರೆ. ಕಲಿಯದೆ ಅದಕ್ಕೆ ಕೈ ಹಾಕಿದರೆ ಏನು ಒತ್ತಿದರೂ ಬೇರೇನೋ ಬರುತ್ತದೆ.

ಜಾಸ್ತಿ ಬರೆಯುವವರಾದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿಯಿರಿ. ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ, ನುಡಿ ಕೀಲಿಮಣೆ ಅಂತ ಕರೆಯುವುದು ಇದನ್ನೇ. ನಾನು ಕಲಿತದ್ದು 45 ದಾಟಿದ ಮೇಲೆ, ಒಂದು ವಾರ ಸಾಕಾಯಿತು. ಇದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕೀಲಿ. 'ಎಫ್' ಕೀಲಿ ಒತ್ತಕ್ಷರಕ್ಕೆ ಕೊಂಡಿ. 'ಪತ್ರ' ಬೇಕಾದರೆ ಪಿ, ಟಿ, ಎಫ್, ಆರ್. 'ಅಕ್ಕ' ಬೇಕಾದರೆ ಎ, ಕೆ, ಎಫ್, ಕೆ. ಶಿಫ್ಟ್ ಹಿಡಿದರೆ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ವರ್ಣಮಾಲೆಯ ಜಾಡಿನಲ್ಲೇ ಬೆರಳು ಓಡುತ್ತದೆ.

ಈಗ ಸಾಫ್ಟ್‌ವೇರಿಗೆ ಬರುತ್ತೇನೆ.

ನಾನು ಬಳಸುವುದು ಲಿಬ್ರೆಆಫೀಸ್. ಅದರೊಳಗಿನ ರೈಟರ್ ಎಂಬ ಭಾಗ ಕಾಗದ ಬರೆಯಲು. ಪೂರ್ತಿ ಉಚಿತ. ಜಾಹೀರಾತಿಲ್ಲ, ಅವಧಿ ಮುಗಿಯುವ ಮಾತಿಲ್ಲ, ಲಾಗಿನ್ ಕೇಳುವುದಿಲ್ಲ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು. ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತದೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ವೈಫೈ ಕೈಕೊಟ್ಟ ಮಧ್ಯಾಹ್ನಗಳಲ್ಲೂ ನನ್ನ ಕೆಲಸ ನಿಂತಿಲ್ಲ. ಮೆನುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಇಳಿಸಿಕೊಳ್ಳುವಾಗ ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತನ್ನು ಒತ್ತಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಅಥವಾ 8 ಇದ್ದರೆ 25.8ರಿಂದ ಈಚಿನ ಆವೃತ್ತಿ ಓಡುವುದಿಲ್ಲ, ಅದಕ್ಕೂ ಹಿಂದಿನದನ್ನು ಹಾಕಬೇಕು.

ಹಾಕಿದ ಕೂಡಲೇ ಎರಡು ಕೆಲಸ ಮಾಡಿ. ಇವನ್ನು ಮಾಡದೆಯೇ "ಇದರಲ್ಲಿ ಕನ್ನಡ ಸರಿ ಬರಲ್ಲ" ಅಂತ ತೆಗೆದುಹಾಕಿದವರನ್ನು ನಾನು ನೋಡಿದ್ದೇನೆ.

ಮೊದಲನೆಯದು ಅಕ್ಷರದ ಗಾತ್ರದ ವಿಷಯ. ರೈಟರಿನಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಅಂತ ಎರಡು ಲೆಕ್ಕ ಇರುತ್ತದೆ. ಕನ್ನಡದ್ದಕ್ಕೆ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್', ಚಿಕ್ಕದಾಗಿ ಸಿಟಿಎಲ್ ಅಂತ ಹೆಸರು. ಟೂಲ್ಸ್ ಮೆನುವಿನ ಆಪ್ಶನ್ಸ್‌ಗೆ ಹೋಗಿ. ಭಾಷೆಗಳ ಪುಟದಲ್ಲಿ ಸಿಟಿಎಲ್ ಎದುರಿನ ಚೌಕಕ್ಕೆ ಗುರುತು ಹಾಕಿ ಕನ್ನಡ ಆರಿಸಿ. ಆಮೇಲೆ ರೈಟರ್ ಅಂತ ಇರುವ ಕಡೆ 'ಬೇಸಿಕ್ ಫಾಂಟ್ಸ್ ಸಿಟಿಎಲ್' ತೆರೆದು ನಿಮಗೆ ಬೇಕಾದ ಕನ್ನಡ ಫಾಂಟ್, ಗಾತ್ರ ಕೊಡಿ. ಇದಾದ ಮೇಲೆ ಪ್ರತಿ ಹೊಸ ಕಾಗದವೂ ನಿಮ್ಮ ಅಕ್ಷರದಲ್ಲೇ ತೆರೆದುಕೊಳ್ಳುತ್ತದೆ.

ಎರಡನೆಯದು ಹಾಳೆಯ ಅಳತೆ. ಪಟ್ಟಿಯಲ್ಲಿ 'ಲೆಟರ್' ಅಂತ ಒಂದು ಇರುತ್ತದೆ. ಕಾಗದ ಬರೆಯೋದು ತಾನೇ ಅಂತ ಅದನ್ನೇ ಒತ್ತುತ್ತಾರೆ. ಅದು ಅಮೆರಿಕದವರ ಹಾಳೆ, ಉದ್ದ 279 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಸಿಗುವುದು ಎ4, ಉದ್ದ 297, ಅಗಲ 210. ತಪ್ಪು ಅಳತೆ ಇಟ್ಟರೆ ಪ್ರಿಂಟಿನಲ್ಲಿ ಅಂಚು ಏರುಪೇರಾಗುತ್ತದೆ, ಕೆಲವು ಪ್ರಿಂಟರುಗಳು ಹಾಳೆ ಬದಲಿಸಿ ಅಂತ ಸುಮ್ನೆ ನಿಂತುಬಿಡುತ್ತವೆ. ಫಾರ್ಮ್ಯಾಟ್ ಮೆನುವಿನಲ್ಲಿ ಪುಟದ ಶೈಲಿಗೆ ಹೋಗಿ ಎ4 ಮಾಡಿ.

ಫಾಂಟಿಗೆ ಬಂದರೆ, ವಿಂಡೋಸಿನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ, ಹಳೆಯದರಲ್ಲಿ ತುಂಗಾ. ನನಗೆ ಪ್ರಿಂಟಿಗೆ ಹಿಡಿಸಿದ್ದು ನೋಟೋ ಸೆರಿಫ್ ಕನ್ನಡ. ಇದೂ ಉಚಿತ, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ. ಅಕ್ಷರದ ಗೆರೆಯಲ್ಲಿ ದಪ್ಪ ಸಣ್ಣ ಇರುವುದರಿಂದ ಅಚ್ಚಿನ ಪುಸ್ತಕ ಓದಿದ ಹಾಗಿರುತ್ತದೆ. ಅಕ್ಕನಿಗೆ ಮಾತ್ರ ನೋಟೋ ಸ್ಯಾನ್ಸ್ ಕನ್ನಡ ಹಾಕುತ್ತೇನೆ. ಅದರ ಗೆರೆ ಎಲ್ಲ ಕಡೆ ಒಂದೇ ದಪ್ಪ, ಮಂಜುಗಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಗೂಗಲ್ ಡಾಕ್ಸ್ ಬಗ್ಗೆ ಹೇಳುವುದಾದರೆ, ಜಿಮೇಲ್ ಇರುವವರಿಗೆಲ್ಲ ಅದು ಈಗಾಗಲೇ ಇದೆ. ಏನನ್ನೂ ಹಾಕಬೇಕಿಲ್ಲ. ಬರೆದದ್ದು ತಾನಾಗಿ ಉಳಿಯುತ್ತದೆ, ಮೈಸೂರಿನ ಮಗಳು ಅಲ್ಲಿಂದಲೇ ತಿದ್ದಬಹುದು. ಒಟ್ಟು 15 ಜಿಬಿ ಜಾಗ ಕೊಡುತ್ತಾರೆ. ಮೇಲ್, ಫೋಟೋ ಎಲ್ಲ ಅದರಲ್ಲೇ ಸೇರಬೇಕು. ನನಗೆ ಇದರಲ್ಲಿ ದೊಡ್ಡ ಉಪಕಾರ ಅನ್ನಿಸಿದ್ದು ದನಿ ಟೈಪಿಂಗ್. ನಮ್ಮ ಎದುರು ಮನೆಯ ಮೇಷ್ಟ್ರಿಗೆ ಕೈ ನಡುಗುತ್ತದೆ, ಟೈಪ್ ಮಾಡಲಾಗುವುದಿಲ್ಲ. ಕ್ರೋಮ್‌ನಲ್ಲಿ ಡಾಕ್ಸ್ ತೆರೆದು, ಟೂಲ್ಸ್ ಒಳಗೆ ವಾಯ್ಸ್ ಟೈಪಿಂಗ್ ಒತ್ತಿ, ಭಾಷೆ ಕನ್ನಡ ಮಾಡಿ ಕೊಟ್ಟೆ. ಪಾಠ ಮಾಡಿದ ಕಂಠ ಅಲ್ವಾ, ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. ಪರದೆಯ ಮೇಲೆ ಅಕ್ಷರಗಳು ಓಡಿ ಬರುತ್ತಿದ್ದರೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಪೂರ್ಣವಿರಾಮ, ಅಲ್ಪವಿರಾಮ ನಾವೇ ಆಮೇಲೆ ಹಾಕಬೇಕು. ಊರಿನ ಹೆಸರು, ಮನೆತನದ ಹೆಸರು ತಪ್ಪಾಗಿ ಬರಬಹುದು, ಒಮ್ಮೆ ಓದಿ ತಿದ್ದಿ. ಇಂಟರ್ನೆಟ್ ಬೇಕೇ ಬೇಕು ಎನ್ನುವುದು ಇದರ ಕೊರತೆ. ಬರೆಯುವುದಕ್ಕೆ ಆಫ್‌ಲೈನ್ ವ್ಯವಸ್ಥೆ ಇದೆ, ಆದರೆ ಅದನ್ನು ನೆಟ್ ಇರುವಾಗಲೇ ಸಿದ್ಧ ಮಾಡಿಟ್ಟುಕೊಂಡಿರಬೇಕು.

ಮೈಕ್ರೋಸಾಫ್ಟ್ ವರ್ಡ್ ಎಲ್ಲರಿಗೂ ಗೊತ್ತು. ಒಳ್ಳೆಯದೇ, ಆಫೀಸಿನಲ್ಲಿ ನಾನೂ ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದವಳು. ಆದರೆ ತಿಂಗಳಿಗೆ ನಾಲ್ಕು ಕಾಗದಕ್ಕೆ ವರ್ಷ ವರ್ಷವೂ ಚಂದಾ ಕಟ್ಟುವುದು ಮನೆಯ ಲೆಕ್ಕಕ್ಕೆ ಹೊಂದುವುದಿಲ್ಲ. ವರ್ಡೇ ಬೇಕು ಅನ್ನುವವರಿಗೆ ಬ್ರೌಸರಿನಲ್ಲಿ ತೆರೆಯುವ ವರ್ಡ್ ಉಚಿತವಾಗಿದೆ, ಮೈಕ್ರೋಸಾಫ್ಟ್ ಖಾತೆ ಒಂದಿದ್ದರೆ ಸಾಕು, 5 ಜಿಬಿ ಜಾಗವೂ ಸಿಗುತ್ತದೆ. ಕಾಗದಕ್ಕೆ ಅಷ್ಟು ಧಾರಾಳ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆಫೀಸ್ 2024 ಕೂಡ ಇದೆ. ಮನೆಯಲ್ಲಿ ಓದುವ ಮಕ್ಕಳಿದ್ದು ಎಕ್ಸೆಲ್ ಕೂಡ ಬೇಕೆಂದರೆ ಅದನ್ನು ಯೋಚಿಸಬಹುದು. ಜೋಹೊ ರೈಟರ್ ನಮ್ಮ ಪಕ್ಕದ ತಮಿಳುನಾಡಿನವರದ್ದು, ಬ್ರೌಸರಿನಲ್ಲೇ ಉಚಿತ. ಡಬ್ಲ್ಯುಪಿಎಸ್ ಆಫೀಸ್ ಉಚಿತವೇ, ಜಾಹೀರಾತು ಸಹಿಸಬೇಕು. ಇನ್ನು ವಿಂಡೋಸಿನ ಜೊತೆ ಬರುತ್ತಿದ್ದ ವರ್ಡ್‌ಪ್ಯಾಡ್ ಅನ್ನೇ ನಂಬಿಕೊಂಡಿದ್ದವರು ಗಮನಿಸಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದನ್ನು ತೆಗೆದುಹಾಕಿದ್ದಾರೆ.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಾನು ಕೊಂಡಾಗ ಅಂಗಡಿಯವರು "ಎಲ್ಲ ಒಳಗೇ ಇದೆ ಮೇಡಂ" ಅಂದರು. ವರ್ಡ್ ಇತ್ತು, ಒಂದು ತಿಂಗಳ ಮಟ್ಟಿಗೆ. ಸಂಘದ ವಾರ್ಷಿಕ ಸಭೆಯ ಹಿಂದಿನ ದಿನ ಬೆಳಗ್ಗೆ ಪತ್ರ ತೆರೆದರೆ ಓದಲು ಮಾತ್ರ ಬರುತ್ತದೆ, ಒಂದಕ್ಷರ ತಿದ್ದಲು ಬಿಡುವುದಿಲ್ಲ. ಅವಧಿ ಮುಗಿದಿತ್ತು. ನಲವತ್ತು ಪತ್ರವನ್ನೂ ಅವತ್ತು ಬೇರೆ ಕಡೆ ಹೊಸದಾಗಿ ಟೈಪ್ ಮಾಡಿದೆ. ಆದ್ದರಿಂದ ಕೊಳ್ಳುವಾಗಲೇ ಕೇಳಿ: ಇದು ಎಷ್ಟು ದಿನಕ್ಕೆ? ಬಿಲ್ಲಿನಲ್ಲಿ ಬರೆದುಕೊಡ್ತೀರಾ? ಹಾಗೆಯೇ ಹಳೆಯ ಕಂಪ್ಯೂಟರ್ ಕೊಳ್ಳುವವರು ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ಹೋಗುತ್ತೀರಿ. ಅಲ್ಲಿ ಒಳ್ಳೆಯ ಯಂತ್ರಗಳು ಸಿಗುತ್ತವೆ. ಆದರೆ ಎಲ್ಲೇ ಆಗಲಿ, ಯಾರಾದರೂ ಕಳ್ಳ ಪ್ರತಿ ಹಾಕಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಅದರ ಜೊತೆ ವೈರಸ್ ಬಂದರೆ ಬ್ಯಾಂಕಿನ ಪಾಸ್‌ವರ್ಡ್ ಕೂಡ ಅದೇ ಕಂಪ್ಯೂಟರಿನಲ್ಲಿರುತ್ತದೆ. ನ್ಯಾಯವಾಗಿ ಉಚಿತವಾದದ್ದು ಇರುವಾಗ ಕದ್ದದ್ದು ಯಾಕೆ?

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹತ್ತದ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ ಗೊತ್ತಿರುವ ಹುಡುಗರ ಕೈಲಿ ವಿಂಡೋಸಿನ ಬದಲು ಓಡುವ, ಉಚಿತವಾದ ಲಿನಕ್ಸ್ ಮಿಂಟ್ ಹಾಕಿಸಿ ನೋಡಿ. ಲಿಬ್ರೆಆಫೀಸ್ ಅದರೊಳಗೇ ಇರುತ್ತದೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವೂ ಇರುತ್ತದೆ.

ಯಾವುದನ್ನೇ ಆರಿಸಿ, ಹಾಕಿದ ದಿನವೇ ಈ ಸಾಲನ್ನು ಟೈಪ್ ಮಾಡಿ:

ಸೂರ್ಯ ಕಾರ್ಯ ರಾಷ್ಟ್ರ ಸ್ತ್ರೀ ಕೃಷ್ಣ ಜ್ಞಾನ ಲಕ್ಷ್ಮಿ ಮೈಸೂರು ಹತ್ತೊಂಬತ್ತು

ಇದು ನನ್ನ ಪರೀಕ್ಷೆಯ ಸಾಲು. ಪ್ರಿಂಟ್ ತೆಗೆದು ಕಿಟಕಿಯ ಹತ್ತಿರ ಹೋಗಿ ಒಂದೊಂದನ್ನೇ ನೋಡಿ. 'ಸೂರ್ಯ'ದಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ ಕೂತಿದೆಯಾ? 'ರಾಷ್ಟ್ರ'ದಲ್ಲಿ ಷಕಾರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಈ ಎರಡನೆಯ ಒತ್ತೇ ಸಾಮಾನ್ಯವಾಗಿ ಕತ್ತರಿಸಿ ಹೋಗುವುದು. ಕನ್ನಡ ಸಾಲಿನ ಕೆಳಕ್ಕೂ ಇಳಿಯುವ ಲಿಪಿ. ಇಂಗ್ಲಿಷಿನ ಅಳತೆಗೆ ಬಿಗಿದ ಸಾಲಿನ ಅಂತರ ನಮಗೆ ಸಾಲದು. ಸಾಲಿನ ಅಂತರವನ್ನು 'ಇಂತಿಷ್ಟೇ' ಅಂತ ಕಟ್ಟಿಹಾಕಬೇಡಿ, ಒತ್ತುಗಳ ಬುಡ ಹಾರಿಹೋಗುತ್ತದೆ. 1.15 ಅಂತರ ಅರ್ಜಿಗೆ ಸರಿ, ಅಕ್ಕನ ಕಾಗದಕ್ಕೆ ನಾನು 1.5 ಇಡುತ್ತೇನೆ. ಅರ್ಜಿಯ ಅಕ್ಷರ 12 ಅಥವಾ 13 ಪಾಯಿಂಟ್ ಇರಲಿ. ಈ ಒಂದು ಸಾಲು ಹಾಳೆಯ ಮೇಲೆ ಸರಿಯಾಗಿ ಬಂತೆಂದರೆ ಮಿಕ್ಕಿದ್ದೆಲ್ಲ ಬರುತ್ತದೆ.

ಪ್ರಿಂಟರ್ ಇಲ್ಲದವರು ಪೆನ್‌ಡ್ರೈವಿನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ಯುತ್ತೀರಿ. ಆಗ ಪಿಡಿಎಫ್ ಮಾಡಿಕೊಂಡೇ ಹೋಗಿ. ರೈಟರಿನಲ್ಲಿ ಅದಕ್ಕೆ ಮೇಲೆಯೇ ಒಂದು ಗುಂಡಿ ಇದೆ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಕೂತಿರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿ ಬಿಡಲಿ, ನಿಮ್ಮ ಕಾಗದ ನಿಮ್ಮ ಮನೆಯಲ್ಲಿ ಕಂಡ ಹಾಗೆಯೇ ಬರುತ್ತದೆ. ತಿದ್ದಲು ಬೇಕಾದ ಮೂಲ ಫೈಲನ್ನು ಮನೆಯಲ್ಲಿಟ್ಟುಕೊಳ್ಳಿ. ಬೇರೆಯವರು ತಿದ್ದಬೇಕಿದ್ದರೆ ಮಾತ್ರ ವರ್ಡಿನ ಫೈಲ್ ರೂಪದಲ್ಲಿ (.docx) ಸೇವ್ ಮಾಡಿ ಕಳಿಸಿ. ರೈಟರಿನಲ್ಲಿ ಅದೂ ಆಗುತ್ತದೆ.

ಅರ್ಜಿ ಬರೆಯುವವರು ಒಂದು ಅಚ್ಚು ಮಾಡಿಟ್ಟುಕೊಳ್ಳಿ. ಬಲಗಡೆ ಮೇಲೆ ದಿನಾಂಕ, ಎಡಗಡೆ 'ಇಂದ', ಅದರ ಕೆಳಗೆ 'ಗೆ', ನಡುವೆ 'ವಿಷಯ', ಕೊನೆಗೆ 'ಇಂತಿ ತಮ್ಮ ವಿಶ್ವಾಸಿ', ಸಹಿಗೆ ನಾಲ್ಕು ಸಾಲು ಜಾಗ. ಹೆಸರು, ವಿಳಾಸ, 560040 ಅಂತ ಪಿನ್, ಫೋನ್ ನಂಬರ್, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಎಲ್ಲ ಅದರಲ್ಲೇ ತುಂಬಿಡಿ. ಫೈಲ್ ಮೆನುವಿನ ಟೆಂಪ್ಲೇಟ್ಸ್ ಒಳಗೆ 'ಸೇವ್ ಆಸ್ ಟೆಂಪ್ಲೇಟ್' ಅಂದರೆ ಮುಗಿಯಿತು. ಮುಂದಿನ ಸಲ ವಿಷಯ ಮತ್ತು ಒಕ್ಕಣೆ ಮಾತ್ರ ಬರೆದರಾಯಿತು. ಬಲಗಡೆಗೆ ತಳ್ಳಲು ಸ್ಪೇಸ್ ಬಾರನ್ನು ಇಪ್ಪತ್ತು ಸಲ ಒತ್ತುವುದು ಟೈಪ್‌ರೈಟರ್ ಕಾಲದ ಅಭ್ಯಾಸ, ಬಿಟ್ಟುಬಿಡಿ. ಬಲಕ್ಕೆ ಜೋಡಿಸುವ ಗುಂಡಿ ಒತ್ತಿ. ಇಲ್ಲವಾದರೆ ಅಕ್ಷರದ ಗಾತ್ರ ಬದಲಿಸಿದ ಕೂಡಲೇ ಎಲ್ಲ ಅಡ್ಡಾದಿಡ್ಡಿಯಾಗುತ್ತದೆ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆಗಳು ಬಂದವಲ್ಲ, ಆಗ ನನ್ನ ಅಚ್ಚುಗಳಲ್ಲೆಲ್ಲ ಹಳೆಯ ಹೆಸರೇ ಇತ್ತು. ಕಂಟ್ರೋಲ್ ಹಿಡಿದು ಎಚ್ ಒತ್ತಿ, ಮೇಲಿನ ಖಾನೆಯಲ್ಲಿ ಹಳೆಯ ಹೆಸರು, ಕೆಳಗಿನದರಲ್ಲಿ ಹೊಸದು ಕೊಟ್ಟೆ. ಆರು ಅಚ್ಚುಗಳು ಹತ್ತು ನಿಮಿಷದಲ್ಲಿ ಸರಿಯಾದವು. ಆದರೆ ಕನ್ನಡದಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿರುತ್ತದೆ. 'ಬಿಬಿಎಂಪಿ' ತೆಗೆದು 'ನಗರ ಪಾಲಿಕೆ' ಹಾಕಿದರೆ 'ಬಿಬಿಎಂಪಿಯ' ಇದ್ದದ್ದು 'ನಗರ ಪಾಲಿಕೆಯ' ಆಗುತ್ತದೆ, ಸರಿ. 'ಪ್ರಾಧಿಕಾರ' ಹಾಕಿದರೆ 'ಪ್ರಾಧಿಕಾರಯ' ಆಗಿಬಿಡುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಗುಂಡಿ ಬೇಡ, ಒಂದೊಂದೇ ನೋಡಿ ಬದಲಿಸಿ. ಕಾಗುಣಿತ ತಿದ್ದುವ ಸೌಲಭ್ಯವನ್ನೂ ಇದೇ ಕಾರಣಕ್ಕೆ ಕನ್ನಡದಲ್ಲಿ ಪೂರ್ತಿ ನಂಬಲಾಗುವುದಿಲ್ಲ. ಬರೆದಾದ ಮೇಲೆ ಒಮ್ಮೆ ಬಾಯಿಬಿಟ್ಟು ಓದಿ, ತಪ್ಪು ಕಿವಿಗೇ ಸಿಗುತ್ತದೆ.

ಸಂಘದ ಪತ್ರದವರಿಗೆ ಮೇಲ್ ಮರ್ಜ್ ಎಂಬುದಿದೆ. ನಲವತ್ತು ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದು, ಪತ್ರದಲ್ಲಿ ಹೆಸರಿನ ಜಾಗ ಗುರುತು ಮಾಡಿದರೆ ನಲವತ್ತು ಪತ್ರ ತಾನಾಗಿ ತಯಾರು. ರೈಟರಿನಲ್ಲಿ ಇದು ಉಚಿತವಾಗಿ ಇರುವುದೇ ನಾನು ಅದಕ್ಕೆ ಅಂಟಿಕೊಂಡಿರಲು ಇನ್ನೊಂದು ಕಾರಣ.

ಫೈಲಿಗೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಗೆ ಯಾರಿಗೆ ಅಂತ ಹಾಕಿ. '2026-01-12 ಅಕ್ಕ' ಅಂತ. ಹೀಗಿಟ್ಟರೆ ಕಂಪ್ಯೂಟರೇ ಕ್ರಮವಾಗಿ ಜೋಡಿಸಿಕೊಂಡು ಹೋಗುತ್ತದೆ. ತಿಂಗಳ ಕೊನೆಯಲ್ಲಿ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ, ಇನ್ನೊಂದನ್ನು ಗೂಗಲ್ ಡ್ರೈವಿಗೆ ಹಾಕುತ್ತೇನೆ. ಅಮ್ಮನ ಕಾಗದಗಳನ್ನು ಇದರ ಮೇಲೆ ಪ್ರಿಂಟ್ ತೆಗೆದು ಬೈಂಡ್ ಮಾಡಿಸಿಯೂ ಇಟ್ಟಿದ್ದೇನೆ.

ಸಾಫ್ಟ್‌ವೇರಿನಲ್ಲಿ ಉಳಿದ ದುಡ್ಡನ್ನು ಹಾಳೆಗೆ ಹಾಕಿ. ಅವೆನ್ಯೂ ರಸ್ತೆಯಲ್ಲಿ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಎ4 ಕಟ್ಟು ತೆಗೆದುಕೊಳ್ಳಿ. ಅದಕ್ಕಿಂತ ತೆಳುವಾದದ್ದರಲ್ಲಿ ಹಿಂದಿನ ಅಕ್ಷರ ಮುಂದಕ್ಕೆ ಕಾಣುತ್ತದೆ, ವಯಸ್ಸಾದವರಿಗೆ ಅದು ತೊಂದರೆ. ಒಂದು ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಮಾಮೂಲಿ ಕವರಿನ ಅಂಚೆ 20 ಗ್ರಾಂವರೆಗೆ. ಅಂದರೆ ಕವರೂ ಸೇರಿ ಮೂರು ಹಾಳೆಗೆ ಜಾಗ. ಹಾಳೆಯನ್ನು ಮೂರು ಮಡಿಕೆ ಮಾಡಿದರೆ 110 ಗುಣಿಸು 220 ಮಿಲಿಮೀಟರಿನ ಉದ್ದ ಕವರಿನಲ್ಲಿ ಸಲೀಸಾಗಿ ಹೋಗುತ್ತದೆ. 20 ಪಾಯಿಂಟ್ ಅಕ್ಷರದಲ್ಲಿ ಮೂರು ಹಾಳೆಗೆ ಹಿಡಿಸುವಷ್ಟೇ ಸುದ್ದಿ ಬರೆಯುವುದು ನನಗೆ ಈಗ ರೂಢಿಯಾಗಿದೆ.

ಹೋದ ತಿಂಗಳ ಕಾಗದ ಮುಟ್ಟಿದ ಮೇಲೆ ಅಕ್ಕ ಪಕ್ಕದ ಮನೆಯವರ ಫೋನಿನಿಂದ ಕೂಗಿ ಹೇಳಿದಳು: "ಈ ಸಲ ಕೆಳಗಿನ ಒತ್ತೆಲ್ಲ ಸರಿಯಾಗಿ ಕಾಣ್ತು ಕಣೇ. ಮುಂದಿನ ಸಲ ಇನ್ನೂ ಒಂಚೂರು ದೊಡ್ಡದು ಮಾಡು." ಈ ತಿಂಗಳು 22 ಇಟ್ಟಿದ್ದೇನೆ.